ಪಳಗುತ್ತಿರುವುದು ಜಾಕೆಟ್ಟೋ, ಮನಸ್ಸೋ?

ದೆಹಲಿಯ ಚಳಿ, ಪುಣೆಯ ಬೈಕು, ಮುಂಬೈಯ ಸಂಬಳ: ಈ ಮೂರರಲ್ಲೊಂದು ನೆಪವನ್ನು ಮುಂದಿಟ್ಟುಕೊಂಡು ಚರ್ಮದ ಜಾಕೆಟ್ಟು ಹೊರನಾಡಿನ ಕನ್ನಡ ಜೈನರ ಮನೆಗಳನ್ನು ಪ್ರವೇಶಿಸಿದೆ. ಚಪ್ಪಲಿಯನ್ನು ಹೊರಗೆ ಬಿಟ್ಟು, ಕಾಲು ತೊಳೆದು ಒಳಬರುತ್ತಿದ್ದ ಮನೆತನಗಳ ಮೊಮ್ಮಕ್ಕಳು ಇಂದು ದೆಹಲಿಯ ಯಶವಂತ್ ಪ್ಲೇಸಿನಲ್ಲೋ ಮುಂಬೈಯ ಧಾರಾವಿಯಲ್ಲೋ ಸಾವಿರಾರು ರೂಪಾಯಿ ತೆತ್ತು ಚರ್ಮವನ್ನು ಕೊಂಡು ಮಲಗುವ ಕೋಣೆಯ ಬೀರುವಿನವರೆಗೆ ತರುತ್ತಿದ್ದಾರೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ, ಆಲೂಗಡ್ಡೆಯನ್ನು ಅಡುಗೆಮನೆಗೆ ಸೇರಿಸದ ಮನೆಗಳೂ ಇದಕ್ಕೆ ಹೊರತಾಗಿಲ್ಲ.

ತಂದ ದಿನವೇ ಅದು ಮೈಗೆ ಒಗ್ಗುವುದಿಲ್ಲ. ಭುಜ ಬಿಗಿಯುತ್ತದೆ, ಮೊಣಕೈ ಮಡಚಲು ಬಾರದು, ಕಾಲರು ಕತ್ತಿಗೆ ಒತ್ತುತ್ತದೆ. ಕುರಿಮರಿಯ ತೆಳು ಚರ್ಮವಾದರೆ ಕೆಲವು ದಿನ, ದನ ಅಥವಾ ಎಮ್ಮೆಯ ದಪ್ಪ ಚರ್ಮವಾದರೆ ತಿಂಗಳುಗಟ್ಟಲೆ ಅದನ್ನು ಪಳಗಿಸಬೇಕು. ಆದ್ದರಿಂದ ಮನೆಯೊಳಗೇ ಅದನ್ನು ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂರುವುದು, ಕೈ ಮಡಚಿ ಬಿಡಿಸುವುದು, ನೀರನ್ನು ಹನಿಹನಿಯಾಗಿ ಚಿಮುಕಿಸಿ ತೊಟ್ಟಂತೆಯೇ ಆರಿಸುವುದು, ರಾತ್ರಿ ಅಗಲವಾದ ಹ್ಯಾಂಗರಿಗೆ ತೂಗುಹಾಕುವುದು, ಬಿಸಿಲಿಗೂ ಹೀಟರಿಗೂ ತಾಗದಂತೆ ಕಾಯುವುದು, ಮೇಲಿಂದ ಮೇಲೆ ಎಣ್ಣೆ ಸವರುವುದು ನಡೆಯುತ್ತದೆ. ಹೊಸ ಚಪ್ಪಲಿ ಕಚ್ಚುತ್ತದೆಂದು ಹಿಂದಿನವರು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಆ ರೂಢಿಯೇ ಈಗ ಕಂಡಿಷನರ್ ಎಂಬ ಹೆಸರಿನಲ್ಲಿ ಡಬ್ಬಿಯೊಳಗೆ ಬರುತ್ತದೆ. ಕೆಲವು ವಾರಗಳಾದ ಮೇಲೆ ತೋಳಿನ ಮೇಲೆ ನಿರಿಗೆ ಮೂಡುತ್ತದೆ, ಬೆನ್ನು ಮೈಯ ಆಕಾರವನ್ನು ತಾಳುತ್ತದೆ, ಜಾಕೆಟ್ಟು 'ತನ್ನದು' ಎನಿಸುತ್ತದೆ.

ಪಳಗುವುದು ಜಾಕೆಟ್ಟೊಂದೇ ಅಲ್ಲ. ಮೊದಲ ದಿನ ಮೂಗಿಗೆ ಹೊಡೆದ ವಾಸನೆ ಹತ್ತನೆಯ ದಿನ ಗೊತ್ತಾಗುವುದಿಲ್ಲ. ಮೊದಲ ದಿನ ಮುಖ ತಿರುಗಿಸಿದ ತಾಯಿ ತಿಂಗಳೊಳಗೆ ಅದನ್ನು ಮಡಿಸಿಡಲು ಕಲಿಯುತ್ತಾರೆ. ಜೈನ ಮನೆಗೆ ಚರ್ಮ ಹೇಗೆ ಬಂತೆಂಬ ಪ್ರಶ್ನೆ ಅದನ್ನು ಯಾವ ಎಣ್ಣೆಯಿಂದ ಒರೆಸಬೇಕೆಂಬ ಪ್ರಶ್ನೆಯಾಗಿ ಇಳಿದುಹೋಗುತ್ತದೆ. ಜಾಕೆಟ್ಟಿಗಿಂತ ಬೇಗನೆ, ಜಾಕೆಟ್ಟಿಗಿಂತ ಮೆತ್ತಗೆ ಮನೆಯವರ ಮನಸ್ಸು ಪಳಗಿರುತ್ತದೆ. ಸಮಾಜದ ಮುಂದಿರುವ ಪ್ರಶ್ನೆ ಇದು.

ಹದ ಎಂಬ ಮಾತು

ಕನ್ನಡದಲ್ಲಿ ಚರ್ಮವನ್ನು 'ಹದ ಮಾಡುತ್ತಾರೆ'. ಬೆಲ್ಲದ ಪಾಕಕ್ಕೂ ಉಳುವ ನೆಲಕ್ಕೂ ಇರುವ ಮಾತೇ ಚರ್ಮಕ್ಕೂ ಇದೆ. ಆದರೆ ಚರ್ಮದ ಹದ ಬೇರೆಯೇ. ಸುಲಿದ ಚರ್ಮ ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿದರೆ ಹಲಗೆಯಾಗುತ್ತದೆ. ಅದನ್ನು ಉಪ್ಪಿನಲ್ಲಿಟ್ಟು, ಸುಣ್ಣದಲ್ಲಿ ನೆನೆಸಿ ಕೂದಲು ಕಳೆದು, ಒಳಬದಿಯ ಮಾಂಸವನ್ನು ಹೆರೆದು, ಬಳಿಕ ಕ್ರೋಮಿಯಂ ಲವಣದಲ್ಲೋ ಮರದ ತೊಗಟೆಯ ರಸದಲ್ಲೋ ಅದ್ದುತ್ತಾರೆ. ಆಗ ಚರ್ಮದೊಳಗಿನ ಕೊಲಾಜನ್ ಎಂಬ ನಾರುಗಳು ಒಂದಕ್ಕೊಂದು ಬಂಧಿಸಲ್ಪಟ್ಟು ಕೊಳೆಯದ ಸ್ಥಿತಿಗೆ ಬರುತ್ತವೆ. ಆ ನಾರುಗಳು ಅಂಟಿಕೊಂಡು ಸೆಟೆಯದಂತೆ ಕೊನೆಗೆ ಕೊಬ್ಬು ಮತ್ತು ಎಣ್ಣೆಯನ್ನು ಊಡಿಸುತ್ತಾರೆ. ಮನೆಯಲ್ಲಿ ಕೈ ಮಡಚಿ, ಎಣ್ಣೆ ಸವರಿ ನಡೆಸುವುದು ಇದೇ ಕೆಲಸದ ಕೊನೆಯ ಹಂತ. ಹದ ಮಾಡುವ ಕಾರ್ಖಾನೆಯ ಕಡೆಯ ಕೋಣೆ ಜೈನ ಗೃಹಸ್ಥನ ಹಜಾರವೇ ಆಗುತ್ತದೆ.

ಆ ಎಣ್ಣೆಯ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ಓದಬೇಕು. ನೀಟ್ಸ್‌ಫುಟ್ ಎಣ್ಣೆ ಎಂಬುದು ದನದ ಕಾಲಿನ ಮೂಳೆ ಮತ್ತು ಪಾದದ ಭಾಗವನ್ನು ಕುದಿಸಿ ತೆಗೆದದ್ದು. ಮಿಂಕ್ ಎಣ್ಣೆ ತುಪ್ಪಳಕ್ಕಾಗಿ ಸಾಕಿ ಕೊಲ್ಲುವ ಮಿಂಕ್ ಎಂಬ ಪುಟ್ಟ ಪ್ರಾಣಿಯ ಕೊಬ್ಬು. ಅನೇಕ ಲೇಪಗಳಲ್ಲಿ ಜೇನುಮೇಣವಿದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಅಷ್ಟ ಮೂಲಗುಣಗಳಲ್ಲಿ ಎಣಿಸುವ, ಜೇನುತುಪ್ಪವನ್ನು ಔಷಧಿಯಲ್ಲೂ ಒಲ್ಲದ ಮನೆಯಲ್ಲಿ ಒಂದು ಪ್ರಾಣಿಯ ಚರ್ಮ ಮೆತ್ತಗಾಗಲೆಂದು ಇನ್ನೊಂದರ ಕೊಬ್ಬನ್ನು ಉಜ್ಜಲಾಗುತ್ತಿದೆ. ಮುಂಬೈಯ ಮಳೆಗಾಲದಲ್ಲಿ ಬೀರುವಿನೊಳಗಿನ ಜಾಕೆಟ್ಟಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ರೊಟ್ಟಿಯಲ್ಲಿ ಅನಂತ ಜೀವಗಳನ್ನು ಕಾಣುವವರು ಜಾಕೆಟ್ಟಿನ ಬೂಷ್ಟನ್ನು ಬಟ್ಟೆಯಿಂದ ಒರೆಸಿ ಮುಂದೆ ಸಾಗುತ್ತಾರೆ, ಅದೂ ಚಾತುರ್ಮಾಸದಲ್ಲಿ.

ಚರ್ಮ ಉಡುವ ವಸ್ತು, ಉಣ್ಣುವುದಲ್ಲ, ಆದ್ದರಿಂದ ಆಹಾರನಿಯಮ ಅದಕ್ಕೆ ಅನ್ವಯಿಸದು ಎಂಬ ವಾದವೂ ನಿಲ್ಲುವುದಿಲ್ಲ. ಚರ್ಮದ ಪಾತ್ರೆಯಲ್ಲಿಟ್ಟ ನೀರು, ಎಣ್ಣೆ, ತುಪ್ಪಗಳ ಸೇವನೆಯನ್ನು ಶ್ರಾವಕಾಚಾರದ ಪರಂಪರೆ ಮಾಂಸತ್ಯಾಗದ ಅತಿಚಾರವೆಂದೇ ಎಣಿಸಿದೆ. ಚರ್ಮ ತಾಗಿದ ತುಪ್ಪವೇ ದೋಷವೆಂದ ಪರಂಪರೆ ಚರ್ಮವನ್ನು ಯಾವ ಸಾಲಿನಲ್ಲಿ ಇಟ್ಟಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಸಮರ್ಥನೆಗಳ ಲೆಕ್ಕಪರಿಶೋಧನೆ

ಮೊದಲ ಸಮರ್ಥನೆ: ಕೊಂದವರು ಬೇರೆ, ಕೊಂಡವರು ಬೇರೆ. ಕಸಾಯಿಯ ಕೈಯ ಪಾಪ ಗಿರಾಕಿಯ ತಲೆಗೆ ಏಕೆ?

ಈ ಪ್ರಶ್ನೆಗೆ ಜೈನ ದರ್ಶನ ಬಹು ಹಿಂದೆಯೇ ಉತ್ತರಿಸಿದೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಎಂಬ ಕೃತ, ಕಾರಿತ, ಅನುಮೋದನೆಗಳು. ಅವು ಮನಸ್ಸು, ಮಾತು, ದೇಹಗಳ ಮೂಲಕ ಒಂಬತ್ತಾಗುವ ಬಗೆ. ಬೆಲೆ ಕೊಟ್ಟು ಕೊಳ್ಳುವುದಕ್ಕಿಂತ ಸ್ಪಷ್ಟವಾದ ಅನುಮೋದನೆ ಇನ್ನಾವುದಿದೆ? ರಸೀದಿಯೇ ಅದಕ್ಕೆ ಸಾಕ್ಷಿ. ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯನ್ನು ಕನ್ನಡ ಜೈನರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಪ್ರಾಣಿಬಲಿಗೆ ಒಪ್ಪದ ಯಶೋಧರ ತಾಯಿ ಚಂದ್ರಮತಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ. ಕೋಳಿಯೇ ಇರಲಿಲ್ಲವಲ್ಲ ಎಂದು ಅವನೂ ಸಮರ್ಥಿಸಿಕೊಳ್ಳಬಹುದಿತ್ತು. ಆದರೂ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳ ಸರಣಿಯನ್ನು ಹಾಯಬೇಕಾಯಿತು. ಹಿಟ್ಟಿನ ಕೋಳಿಗೇ ಅಷ್ಟು ಲೆಕ್ಕ ಹಿಡಿದ ಕಾವ್ಯವನ್ನು ತಮ್ಮದೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಿಜವಾದ ಕುರಿಯ ಚರ್ಮಕ್ಕೆ ಕೊಂದದ್ದು ಬೇರೆಯವರೆಂದು ವಿನಾಯಿತಿ ಕೇಳುವುದು ವಿಚಿತ್ರ.

ಎರಡನೆಯ ಸಮರ್ಥನೆ: ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ, ಚರ್ಮ ಹೇಗೂ ಉಳಿಯುವ ಉಪೋತ್ಪನ್ನ, ಅದನ್ನು ಎಸೆಯುವುದಕ್ಕಿಂತ ಬಳಸುವುದೇ ಮೇಲು.

ವಿದ್ಯಾವಂತರ ನಾಲಗೆಯಲ್ಲಿ ಅತಿ ಹೆಚ್ಚು ಓಡಾಡುವ ವಾದ ಇದು. ಇದಕ್ಕೆ ಆಗಮದ ಉತ್ತರವೇ ಬೇಕಿಲ್ಲ, ಲೆಕ್ಕಪತ್ರದ ಉತ್ತರ ಸಾಕು. ದಾಸ್ತಾನಿನ ಮೌಲ್ಯಮಾಪನವನ್ನು ಕುರಿತ ಲೆಕ್ಕಪತ್ರ ಮಾನದಂಡ ಎಎಸ್-2ರ ಪ್ರಕಾರ, ಅಲ್ಪ ಮೌಲ್ಯದ ಉಪೋತ್ಪನ್ನದಿಂದ ಬರುವ ನಿವ್ವಳ ಮೊತ್ತವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಲಾಗುತ್ತದೆ. ಉದಾಹರಣೆಗೆ, ಒಂದು ಪ್ರಾಣಿಯ ಮೇಲೆ ಕಸಾಯಿಖಾನೆಗೆ 100 ರೂಪಾಯಿ ಖರ್ಚಾಗಿ ಚರ್ಮ 10 ರೂಪಾಯಿಗೆ ಮಾರಾಟವಾದರೆ, ಮಾಂಸದ ಮೇಲೆ ಬೀಳುವ ವೆಚ್ಚ 90 ಮಾತ್ರ. ಆ ಹತ್ತು ರೂಪಾಯಿ ಎಲ್ಲಿಂದ ಬಂತು? ಜಾಕೆಟ್ಟು ಕೊಂಡವರ ಜೇಬಿನಿಂದ. ಮಾಂಸವನ್ನು ಮುಟ್ಟದವರು ಮಾಂಸ ತಿನ್ನುವವರಿಗೆ ಸಹಾಯಧನ ಕೊಟ್ಟಂತಾಯಿತು. ಚರ್ಮದ ಮೌಲ್ಯ ಗಣನೀಯವಾದರೆ ಅದು ಉಪೋತ್ಪನ್ನವೆಂಬ ಹೆಸರಿಗೂ ಅರ್ಹವಲ್ಲ. ಜಂಟಿ ಉತ್ಪನ್ನವಾಗಿ ವೆಚ್ಚದಲ್ಲಿ ತನ್ನ ಪಾಲನ್ನು ತಾನೇ ಹೊರುತ್ತದೆ. ಎರಡು ರೀತಿಯಲ್ಲಿ ಬರೆದರೂ ಖಾತೆ ಒಂದೇ ಮಾತನ್ನು ಹೇಳುತ್ತದೆ: ಚರ್ಮದ ಗಿರಾಕಿ ಕೊಲೆಯ ವೆಚ್ಚವನ್ನು ಹಂಚಿಕೊಂಡ ಪಾಲುದಾರ.

ಮೂರನೆಯ ಸಮರ್ಥನೆ: ಬೈಕ್ ಸವಾರಿಗೆ ಚರ್ಮ ಬೇಕು, ಜೀವರಕ್ಷಣೆಯ ಮಾತು.

ಜೀವರಕ್ಷಣೆ ನಿಜವಾದ ಅಗತ್ಯವೇ. ಆದರೆ ಬೈಕ್ ಸವಾರರ ಉಡುಪನ್ನು ಅಳೆಯುವ ಯುರೋಪಿನ ಇಎನ್ 17092 ಮಾನದಂಡ, ಉಡುಪು ಸವೆತವನ್ನು ಎಷ್ಟು ತಡೆಯುತ್ತದೆಂದು ಪರೀಕ್ಷಿಸುತ್ತದೆ. ಅದು ಚರ್ಮದ್ದೇ ಆಗಿರಬೇಕೆಂದು ಹೇಳುವುದಿಲ್ಲ. ಗಟ್ಟಿ ನೈಲಾನ್ ಮತ್ತು ಅರಾಮಿಡ್ ನಾರಿನಿಂದ ನೇಯ್ದು, ಭುಜ ಮೊಣಕೈಗಳಿಗೆ ಕವಚವಿಟ್ಟ ಉಡುಪುಗಳು ಪೇಟೆಯಲ್ಲಿವೆ. ಇನ್ನು, ಮಾಲ್‌ಗಳಲ್ಲಿ ಕೊಳ್ಳುವ ಕುರಿಚರ್ಮದ ಶೋಕಿ ಜಾಕೆಟ್ಟು ಒಂದು ಮಿಲಿಮೀಟರಿಗಿಂತಲೂ ತೆಳು. ಡಾಂಬರಿನ ಮೇಲೆ ಜಾರಿದಾಗ ಅದು ಕಾಯುವುದು ಅಷ್ಟಕ್ಕಷ್ಟೇ. ಅದನ್ನು ತೊಡುವುದು ಕನ್ನಡಿಗಾಗಿ, ರಸ್ತೆಗಾಗಿ ಅಲ್ಲ.

ನಾಲ್ಕನೆಯ ಸಮರ್ಥನೆ: ಕೃತಕ ಚರ್ಮವೆಂದರೆ ಪ್ಲಾಸ್ಟಿಕ್, ಎರಡು ಮಳೆಗಾಲಕ್ಕೆ ಸುಲಿಯುತ್ತದೆ, ಮಣ್ಣಿನಲ್ಲಿ ಕರಗುವುದಿಲ್ಲ. ನಿಜ ಚರ್ಮ ಇಪ್ಪತ್ತು ವರ್ಷ ಬಾಳುತ್ತದೆ.

ಈ ವಾದದಲ್ಲಿ ಸತ್ಯಾಂಶವಿದೆ, ಅದನ್ನು ಒಪ್ಪಿಯೇ ಮಾತಾಡಬೇಕು. ಪಾಲಿಯುರೆಥೇನ್ ಹೊದಿಕೆ ತೇವಾಂಶಕ್ಕೆ ಒಡೆದು ಪುಡಿಪುಡಿಯಾಗುವುದನ್ನು ಚೆನ್ನೈ, ಮುಂಬೈಗಳಲ್ಲಿರುವವರೆಲ್ಲ ಕಂಡಿದ್ದಾರೆ. 'ವೀಗನ್' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಪ್ಲಾಸ್ಟಿಕ್ ಪುಣ್ಯವಸ್ತುವಾಗುವುದಿಲ್ಲ. ಆದರೆ ಆಯ್ಕೆ ಈ ಎರಡರ ನಡುವೆ ಮಾತ್ರ ಇದೆಯೆಂಬ ಗ್ರಹಿಕೆಯೇ ತಪ್ಪು. ಕಾನ್ಪುರದಲ್ಲಿ ದೇವಾಲಯದ ಹೂವಿನ ತ್ಯಾಜ್ಯದಿಂದ, ಕೇರಳದಲ್ಲಿ ತೆಂಗಿನಕಾಯಿಯ ನೀರಿನಿಂದ, ಮೆಕ್ಸಿಕೋದಲ್ಲಿ ಪಾಪಾಸುಕಳ್ಳಿಯಿಂದ ಚರ್ಮದಂಥ ವಸ್ತುವನ್ನು ತಯಾರಿಸುವ ಪ್ರಯತ್ನಗಳು ನಡೆದಿವೆ. ಅವುಗಳಿಗಿಂತ ಸುಲಭವಾದ ದಾರಿ ಇನ್ನೊಂದಿದೆ: ದಪ್ಪ ಹತ್ತಿಯ ಕೋಟು. ದೆಹಲಿಯ ಚಳಿಯನ್ನು ಅದೂ ತಡೆಯುತ್ತದೆ. ಚರ್ಮದಂತೆ ಕಾಣುವುದು ಬೇಕೇಬೇಕು ಎಂಬ ಹಟದಲ್ಲಿ ಚಳಿಯ ಮಾತು ಎಲ್ಲಿದೆ?

ಅಜ್ಜನ ಚಪ್ಪಲಿ, ಮೊಮ್ಮಗನ ಜಾಕೆಟ್ಟು

ಮನೆಯಲ್ಲಿ ಜಗಳ ಹತ್ತಿದಾಗ ಮೊಮ್ಮಗ ಕೇಳುವ ಪ್ರಶ್ನೆಯೊಂದಿದೆ: ಬೆಳಗಾವಿ ಸೀಮೆಯ ಅಜ್ಜ ಮೆಟ್ಟುತ್ತಿದ್ದುದು ಚರ್ಮದ ಚಪ್ಪಲಿಯಲ್ಲವೇ? ಬಾವಿಯಿಂದ ನೀರೆತ್ತುತ್ತಿದ್ದ ಮೊಟ್ಟೆ ಚರ್ಮದ್ದಲ್ಲವೇ? ಎತ್ತಿನ ಬಾರುಕೋಲು?

ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಗದರುವುದು ಉತ್ತರವಲ್ಲ. ಬೆಳಗಾವಿ, ಸಾಂಗಲಿ, ಕೊಲ್ಹಾಪುರಗಳ ಜೈನ ಒಕ್ಕಲು ಮನೆಗಳು ಚರ್ಮವನ್ನು ಬಳಸಿದ್ದು ನಿಜ. ಆದರೆ ಶಾಸ್ತ್ರ ಗೃಹಸ್ಥನ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸಿದ್ದು ಇಂಥ ಪ್ರಶ್ನೆಗಾಗಿಯೇ. ಮೊಟ್ಟೆಯಿಲ್ಲದೆ ಹೊಲಕ್ಕೆ ನೀರಿರಲಿಲ್ಲ. ಅದಕ್ಕೆ ಪರ್ಯಾಯವೂ ಇರಲಿಲ್ಲ. ಊರಿನಲ್ಲಿ ಸತ್ತ ಎತ್ತು ಎಮ್ಮೆಯ ಚರ್ಮವನ್ನು ಊರಿನ ಸಮಗಾರ ಹದ ಮಾಡಿ ಕೊಡುತ್ತಿದ್ದ. ಪಂಪು ಬಂದ ದಿನ ಮೊಟ್ಟೆ ಹೊರಟುಹೋಯಿತು. ಅದನ್ನು ಯಾರೂ ಶೋಕಿಗಾಗಿ ಉಳಿಸಿಕೊಳ್ಳಲಿಲ್ಲ. ಮೊಮ್ಮಗನ ಜಾಕೆಟ್ಟು ಹೊಲ ಉಳುವುದಿಲ್ಲ, ನೀರೆತ್ತುವುದಿಲ್ಲ. ಬೇರೆ ನೂರು ಉಡುಪುಗಳ ನಡುವೆ ಬೇಕೆಂದೇ ಆರಿಸಿ ತಂದದ್ದು ಅದು. ಅಜ್ಜನದು ಉದ್ಯೋಗಿ ಹಿಂಸೆ. ಮೊಮ್ಮಗನದು ಸಂಕಲ್ಪಕ್ಕೆ ತೀರ ಹತ್ತಿರ ಬಂದು ನಿಂತದ್ದು.

ಹಿರಿಯರ ಖಾತೆಯೂ ತೆರೆಯಲಿ

ಇಷ್ಟು ಓದಿ ಸಮಾಧಾನಗೊಂಡ ಹಿರಿಯರು ಇಲ್ಲಿಗೇ ನಿಲ್ಲಿಸುವಂತಿಲ್ಲ. ಮಗನ ಜಾಕೆಟ್ಟನ್ನು ಕಂಡು ಕಿಡಿಕಾರುವ ತಂದೆಯ ಸೊಂಟದ ಬೆಲ್ಟು ಯಾವುದರದ್ದು? ಜೇಬಿನ ಪರ್ಸು, ಕೈಗಡಿಯಾರದ ಪಟ್ಟಿ, ಕಚೇರಿಯ ಬೂಟು, ಹೊಸ ಕಾರಿನ ಆಸನ, ಹಜಾರದ ಸೋಫಾ? ಷೇರುಪಟ್ಟಿಯಲ್ಲಿ ಪಾದರಕ್ಷೆ ಕಂಪನಿ ಇದೆಯೋ ಇಲ್ಲವೋ ನೋಡಿದವರೆಷ್ಟು ಜನ? ಮಗ ಒಂದು ಚರ್ಮವನ್ನು ತೊಟ್ಟರೆ ತಂದೆ ಐದರ ಮೇಲೆ ಕುಳಿತು ಉಪದೇಶ ಮಾಡುತ್ತಾನೆ. ಯುವಕರು ಧರ್ಮದಿಂದ ದೂರ ಸರಿಯುತ್ತಿದ್ದಾರೆಂದು ಪ್ರತಿ ಸಭೆಯಲ್ಲೂ ಹಲುಬುವವರು ಇದನ್ನು ಯೋಚಿಸಬೇಕು. ಯುವಕರು ಮೊದಲು ಗುರುತಿಸುವುದು ಸುಳ್ಳು ಲೆಕ್ಕವನ್ನು.

ಜಿನಮಂದಿರಗಳ ಬಾಗಿಲಲ್ಲಿ ಚರ್ಮದ ವಸ್ತುಗಳನ್ನು ಹೊರಗೆ ಬಿಡಿ ಎಂಬ ಫಲಕವಿರುತ್ತದೆ. ಬೆಲ್ಟು ಬಿಚ್ಚಿ, ಪರ್ಸನ್ನು ಗೂಡಿನಲ್ಲಿಟ್ಟು, ದರ್ಶನ ಮುಗಿಸಿ ಮತ್ತೆ ಬಿಗಿದುಕೊಂಡು ಹೊರಡುವ ಈ ಕ್ರಮದಿಂದ ಅಹಿಂಸೆ ಒಂದು ಚೌಕಟ್ಟಿನ ಒಳಗಿನ ನಿಯಮವಾಗಿದೆ. ಹೊಸ್ತಿಲಿನ ಈಚೆ ಹಿಂಸೆಯಾದದ್ದು ಆಚೆ ಉಡುಪು ಹೇಗಾಗುತ್ತದೆ? ಒಳಗಡೆಯಾದರೂ ಲೆಕ್ಕ ಶುದ್ಧವೇ? ಸಂಗೀತ ಪೂಜೆಗೆ ಬಾರಿಸುವ ತಬಲಾ, ಮೃದಂಗ, ಡೋಲುಗಳ ಬಾಯಿಗೆ ಬಿಗಿದಿರುವುದು ಆಡು, ಎಮ್ಮೆ, ಹಸುಗಳ ಚರ್ಮ. ಬೆಂಗಳೂರಿನ ಕೆ. ವರದರಂಗನ್ ಅವರು ಕೃತಕ ಹೊದಿಕೆಯ ಮೃದಂಗವನ್ನು ರೂಪಿಸಿ ಬಳಕೆಗೆ ತಂದಿದ್ದಾರೆ. ಅದನ್ನು ಮೊದಲು ಹುಡುಕಿಕೊಂಡು ಹೋಗಬೇಕಾಗಿದ್ದವರು ಜೈನರು.

ಹಾಲಿನ ಮಾತೂ ಇಲ್ಲಿಯೇ ಬರಬೇಕು. ಈ ದೇಶದ ಹಾಲಿನ ದೊಡ್ಡ ಪಾಲು ಎಮ್ಮೆಯದು. ಎಮ್ಮೆ ಮಾಂಸದ ರಫ್ತಿನಲ್ಲೂ ಭಾರತ ಮುಂಚೂಣಿಯ ದೇಶಗಳಲ್ಲೊಂದು. ಬತ್ತಿದ ಎಮ್ಮೆ, ಬೇಡವಾದ ಕೋಣಗರು ಎಲ್ಲಿಗೆ ಹೋಗುತ್ತವೆಂದು ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ತರುವವರು ಕೇಳುವುದಿಲ್ಲ. ಹಾಲು ಬಿಡಬೇಕೋ ಬೇಡವೋ ಎಂಬುದು ಸಮಾಜ ದೀರ್ಘವಾಗಿ ಚರ್ಚಿಸಬೇಕಾದ ವಿಷಯ. ಆದರೆ ಹಾಲೂ ಚರ್ಮವೂ ಒಂದೇ ಪ್ರಾಣಿಯ ಒಂದೇ ಖಾತೆಯ ಎರಡು ಪುಟಗಳೆಂಬುದನ್ನು ಮರೆಮಾಚಿ ಮಗನ ಮುಂದೆ ಕಟಕಟೆ ಕಟ್ಟುವುದು ಆರ್ಜವವಲ್ಲ.

ಹಾಲಿನ ಹೆಸರಿನ ಹೊಳೆ

ಕರ್ನಾಟಕದ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯ ಹೆಸರಿನ ಅರ್ಥ ಹಾಲಿನ ಹೊಳೆ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮದ ಕಾರ್ಖಾನೆಗಳು ಇದರ ದಡದ ಮೇಲಿವೆ. 1996ರ ಆಗಸ್ಟ್ 28ರಂದು ವೆಲ್ಲೂರು ನಾಗರಿಕ ಕಲ್ಯಾಣ ವೇದಿಕೆಯ ಮೊಕದ್ದಮೆಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಆ ಪ್ರದೇಶದ ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ತಿಯಾಗಿ ಬೇಸಾಯಕ್ಕೆ ಅಯೋಗ್ಯವಾಗಿರುವುದನ್ನು ದಾಖಲಿಸಿತು. ಮಾಲಿನ್ಯ ಮಾಡಿದವರೇ ಅದರ ವೆಚ್ಚ ತೆರಬೇಕೆಂಬ ತತ್ತ್ವ ಭಾರತದ ಪರಿಸರ ಕಾನೂನಿನಲ್ಲಿ ನೆಲೆಗೊಂಡದ್ದು ಆ ತೀರ್ಪಿನಿಂದ. ಇಪ್ಪತ್ತೆಂಟು ವರ್ಷಗಳ ನಂತರ, 2025ರ ಜನವರಿಯಲ್ಲಿ, ಅದೇ ನದಿಯ ಕುರಿತು ಅದೇ ನ್ಯಾಯಾಲಯ ಮತ್ತೆ ಆದೇಶ ನೀಡಬೇಕಾಯಿತು. 2015ರ ಜನವರಿ ಕೊನೆಯಲ್ಲಿ ರಾಣಿಪೇಟೆಯ ತ್ಯಾಜ್ಯಜಲ ಶುದ್ಧೀಕರಣ ಘಟಕವೊಂದರ ಕೆಸರಿನ ತೊಟ್ಟಿಯ ಗೋಡೆ ಕುಸಿದು, ಪಕ್ಕದಲ್ಲಿ ಮಲಗಿದ್ದ 10 ಮಂದಿ ಕಾರ್ಮಿಕರು ಸತ್ತರು. ಜಾಕೆಟ್ಟಿನ ಲೆಕ್ಕದಲ್ಲಿ ಪ್ರಾಣಿ ಮಾತ್ರವಿಲ್ಲ. ಬಾವಿಯ ನೀರು, ಮಣ್ಣಿನೊಳಗಿನ ಜೀವರಾಶಿ, ಕೂಲಿಯ ಮನುಷ್ಯ ಎಲ್ಲರೂ ಇದ್ದಾರೆ.

ಚರ್ಮದ ವಿರೋಧ ಚರ್ಮ ಕಾಯಕದವರ ವಿರೋಧವಾಗಿ ತಿರುಗುವ ಅಪಾಯ ಹುಟ್ಟುವುದು ಇಲ್ಲಿ. ಶತಮಾನಗಳ ಕಾಲ ಊರಿಗೆ ಚಪ್ಪಲಿ, ಮೊಟ್ಟೆ, ಡೊಳ್ಳುಗಳನ್ನು ಒದಗಿಸಿದವರನ್ನು ಊರ ಹೊರಗಿಟ್ಟ ಪಾಪದಲ್ಲಿ ಜೈನ ಮನೆಗಳೂ ಪಾಲುದಾರರು. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕುಟುಂಬದ ಕೈಚಳಕಕ್ಕೆ, 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ಎಂಟು ಜಿಲ್ಲೆಗಳ ಕೊಲ್ಹಾಪುರಿ ಚಪ್ಪಲಿಯೊಂದಿಗೆ, ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಸಾಮಾಜಿಕ ಮನ್ನಣೆ ಇನ್ನೂ ಬಾಕಿ. ಕನ್ನಡದ ನೆನಪಿನಲ್ಲಿ ಒಪ್ಪಿ ಕೊಟ್ಟ ಚರ್ಮ ಒಂದೇ: ಬಸವಣ್ಣನಿಗಾಗಿ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮವನ್ನೇ ಕೊಟ್ಟು ಮೆಟ್ಟು ಮಾಡಿದರೆಂಬ ಕಥೆಯದು. ಆ ಹರಳಯ್ಯನಿಗೆ ಕಲ್ಯಾಣ ಕೊಟ್ಟದ್ದು ಮರಣದಂಡನೆ.

2016ರ ಜುಲೈಯಲ್ಲಿ ಗುಜರಾತಿನ ಊನಾದ ಬಳಿ, ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಬಡಿದರು. ಬಡಿದವರ ಕೈಯ ಬಡಿಗೆಗೆ ಜೀವದಯೆಯ ಹೆಸರಿತ್ತು. ಅಂಥವರಿಗೆ ಜೈನ ಸಮಾಜದ ವೇದಿಕೆ, ಹಣ, ಮೌನ ಮೂರೂ ಸಿಗಬಾರದು. ಹಸುವಿಗಾಗಿ ಮನುಷ್ಯನನ್ನು ಬಡಿಯುವುದು ಅಹಿಂಸೆಯ ಅತಿರೇಕವಲ್ಲ, ಸಂಕಲ್ಪೀ ಹಿಂಸೆ. ಸತ್ತ ಪ್ರಾಣಿಯ ಚರ್ಮವನ್ನು ಸುಲಿದವರು ಪಾಪಿಗಳಾದರೆ, ಕೊಂದ ಪ್ರಾಣಿಯ ಚರ್ಮವನ್ನು ಮಾಲ್‌ನಲ್ಲಿ ಕೊಂಡವರು ಏನಾದರು?

ಪರ್ಯೂಷಣದ ಬಂದ್ ರಾಜಕೀಯವನ್ನೂ ಈ ಕನ್ನಡಿಯಲ್ಲಿ ನೋಡಬೇಕು. ಅಹಮದಾಬಾದಿನಲ್ಲಿ ಪರ್ಯೂಷಣದ ಒಂಬತ್ತು ದಿನ ಕಸಾಯಿಖಾನೆ ಮುಚ್ಚುವ ಕ್ರಮವನ್ನು 2008ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2015ರಲ್ಲಿ ಮುಂಬೈ ಮತ್ತು ಮೀರಾ-ಭಾಯಂದರ್‌ಗಳಲ್ಲಿ ಮಾಂಸ ಮಾರಾಟದ ನಿಷೇಧ ಬೀದಿಜಗಳವಾಗಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಪಕ್ಷಗಳು ಲಾಭ ಹಂಚಿಕೊಂಡವು, ಜೈನರಿಗೆ ನೆರೆಹೊರೆಯ ಅಸಮಾಧಾನ ಉಳಿಯಿತು. ಇಡೀ ನಗರ ಒಂಬತ್ತು ದಿನ ಸಂಯಮದಿಂದಿರಲಿ ಎಂದು ಅರ್ಜಿ ಕೊಡುವವರ ಬೀರುವಿನಲ್ಲಿ ವರ್ಷದ 365 ದಿನವೂ ಚರ್ಮ ತೂಗುತ್ತಿದ್ದರೆ ಆ ಅರ್ಜಿಗೆ ಯಾವ ನೈತಿಕ ಬಲವಿದೆ? ಸರ್ಕಾರದ ಆದೇಶದಿಂದ ಪರರ ಊಟವನ್ನು ನಿಯಂತ್ರಿಸುವುದು ಸುಲಭ. ತನ್ನ ಬೀರುವಿಗೆ ಆದೇಶ ಹೊರಡಿಸುವುದು ಕಷ್ಟ.

ಮಾಡಬೇಕಾದ್ದು

ಇದಕ್ಕೆ ಹೊಸ ವ್ರತ ಬೇಕಾಗಿಲ್ಲ. ಭೋಗೋಪಭೋಗ ಪರಿಮಾಣ ವ್ರತ ಶ್ರಾವಕರಿಗೆ ಇದ್ದೇ ಇದೆ. ದಶಲಕ್ಷಣ ಪರ್ವದಲ್ಲಿ ಪ್ರತಿ ಕುಟುಂಬವೂ ಮನೆಯೊಳಗಿನ ಚರ್ಮದ ವಸ್ತುಗಳ ಪಟ್ಟಿಯನ್ನು ಕೈಯಾರೆ ಬರೆಯಲಿ: ಹಿರಿಯರದ್ದು ಮೊದಲು, ಕಿರಿಯರದ್ದು ನಂತರ. ಅಂಗಡಿಯ ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ಸಮಾಜಕ್ಕೆ ಮನೆಯ ದಾಸ್ತಾನು ಎಣಿಸುವುದು ಭಾರವಲ್ಲ. ಮುಂದಿನ ವರ್ಷದ ಪಟ್ಟಿ ಈ ವರ್ಷದ್ದಕ್ಕಿಂತ ಚಿಕ್ಕದಾಗಿರಲಿ.

ಈಗಾಗಲೇ ಕೊಂಡ ಜಾಕೆಟ್ಟನ್ನು ಏನು ಮಾಡಬೇಕು? ಸುಡಬೇಕಾಗಿಲ್ಲ, ಸುಟ್ಟರೆ ಸತ್ತ ಕುರಿ ಎದ್ದುಬರುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಅದು ಮರಳಿ ಬಾರದ ವೆಚ್ಚ. ಮುಂದಿನ ನಿರ್ಧಾರವನ್ನು ಅದು ಆಳಬಾರದು. ಚಳಿಯಲ್ಲಿ ನಡುಗುವ ಕಾವಲುಗಾರನಿಗೋ ದಾರಿಹೋಕನಿಗೋ ಗೌರವದಿಂದ ಕೊಡಲಿ, ಅಥವಾ ಹರಿಯುವವರೆಗೆ ತೊಟ್ಟು ಮುಗಿಸಲಿ. ಎರಡನೆಯದು ಮನೆಗೆ ಬಾರದಿರಲಿ. ಮದುವೆ, ಸನ್ಮಾನಗಳಲ್ಲಿ ಚರ್ಮದ ಪರ್ಸು, ಚೀಲಗಳ ಉಡುಗೊರೆ ನಿಲ್ಲಲಿ.

ಸಮಾಜದ ಸಂಸ್ಥೆಗಳು ಬಾಗಿಲಿನ ಫಲಕದ ಜೊತೆಗೆ ಒಳಗಿನ ವಾದ್ಯಗಳನ್ನೂ ಸಭಾಭವನದ ಕುರ್ಚಿಗಳನ್ನೂ ನೋಡಿಕೊಳ್ಳಲಿ. ಮುಖ್ಯವಾಗಿ, ಜೀವದಯೆಯ ನಿಧಿಯಲ್ಲಿ ಒಂದು ಪಾಲು ಚರ್ಮದ ಕಾರ್ಖಾನೆಗಳ ಕಾರ್ಮಿಕರ ಮಕ್ಕಳ ಓದಿಗೆ ಮೀಸಲಾಗಲಿ. ಚರ್ಮವನ್ನು ಕೊಳ್ಳಬೇಡಿ ಎಂದು ಹೇಳುವ ಸಮಾಜಕ್ಕೆ ಆ ಚರ್ಮದಿಂದ ಹೊಟ್ಟೆ ಹೊರೆಯುವವರ ಬದುಕಿಗೆ ದಾರಿ ತೋರುವ ಹೊಣೆಯೂ ಇದೆ. ಅದಿಲ್ಲದ ಬಹಿಷ್ಕಾರ ಹಳೆಯ ಅಸ್ಪೃಶ್ಯತೆಯ ಹೊಸ ವೇಷವಾಗುತ್ತದೆ.

ದಶಲಕ್ಷಣದ ಎರಡನೆಯ ದಿನ ಉತ್ತಮ ಮಾರ್ದವದ್ದು, ಮೂರನೆಯದು ಉತ್ತಮ ಆರ್ಜವದ್ದು. ಮಾರ್ದವವೆಂದರೆ ಮೃದುತ್ವ, ಅಹಂಕಾರದ ಬಿಗುಪನ್ನು ದಿನದಿನವೂ ತಿದ್ದಿ ಮನಸ್ಸನ್ನು ಹದಕ್ಕೆ ತರುವುದು. ಆರ್ಜವವೆಂದರೆ ನೇರ ನಡೆ. ಒಳಗಿನ ಲೆಕ್ಕವೂ ಹೊರಗಿನ ಲೆಕ್ಕವೂ ಒಂದಾಗಿರುವುದು. ಸತ್ತ ಪ್ರಾಣಿಯ ಚರ್ಮವನ್ನು ಮೆತ್ತಗಾಗಿಸಲು ತಿಂಗಳುಗಟ್ಟಲೆ ತಾಳ್ಮೆ ತೋರುವವರಲ್ಲಿ ಈ ಎರಡು ದಿನಗಳಿಗೆ ಬೇಕಾದ ತಾಳ್ಮೆಯೂ ಇದ್ದೇ ಇದೆ. ಅದು ಯಾವ ಖಾತೆಗೆ ಖರ್ಚಾಗಬೇಕೆಂಬುದನ್ನು ಪ್ರತಿ ಮನೆಯೂ ಈ ಪರ್ವದೊಳಗೆ ತೀರ್ಮಾನಿಸಲಿ.